ಗಲ್ಲ ಎದೆಗೆ

ಹೊಗೆಸೊಪ್ಪು ಬೇಯುತ್ತಿರುವ ವಾಸನೆ, ಸಿಹಿಯೆನ್ನಲೋ ಘಾಟೆನ್ನಲೋ, ಬಸ್ಸು ಹುಣಸೂರು ದಾಟಿ ಕೋಟೆಯ ರಸ್ತೆಗೆ ಬೀಳುತ್ತಿದ್ದಂತೆ ಕಿಟಕಿಯಿಂದ ಒಳಗೆ ಬಂತು, ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು, ನನಗೆ ಮಾತ್ರ ಇದು ಅಪ್ಪನ ಅಂಗಿಯ ವಾಸನೆ, ಈ ದಿನಗಳಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತು ಬೆಂಕಿ ನೋಡಿಕೊಳ್ಳುವ ಅಪ್ಪ, ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಂಡಾಗ ಎಲ್ಲಿಗೆ ಅಂತಲೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ, ಅಂತರಸಂತೆಗೆ ಅಪ್ಪ, ಶಿವಾನಿಯನ್ನು ನೋಡೋಕೆ, ಕುದುರೆಯನ್ನು ನೋಡೋಕೆ — ಯಾವ ಮುಖ ಇಟ್ಕಂಡು ಓಯ್ತೀಯವ್ವ ಅನ್ನುತ್ತಿದ್ದನೇನೋ, ಅನ್ನಲಿಲ್ಲ, ಅದೇ ಕಷ್ಟ. ತೊಡೆಯ ಮೇಲೆ ಮೊಬೈಲು ಬೆಚ್ಚಗಾಗಿದೆ, ಅದರೊಳಗೆ ನಾಲ್ಕು ದಿನದಿಂದ ಬರೆದಿಟ್ಟು ಕಳಿಸದ ಪತ್ರ, ಮಾನ್ಯರೆ, ವಿಡಿಯೊದಲ್ಲಿ ಕುದುರೆಯ ಮೇಲೆ ಕಾಣುವವಳು ನನ್ನ ಶಿಷ್ಯೆ ಶಿವಾನಿ, ಆದರೆ ಲಗಾಮನ್ನು ಹಾಗೆ ಎಳೆಯಲು ಹೇಳಿದವಳು ನಾನು, ವಿಚಾರಣೆಯ ದಿನ ನಾನು ಸುಳ್ಳು ಹೇಳಿದೆ — ಸುಳ್ಳು ಎಂಬ ಪದವನ್ನು ತೆಗೆದು ತಪ್ಪು ಮಾಹಿತಿ ಎಂದು ಬರೆದೆ, ಮತ್ತೆ ಸುಳ್ಳು ಎಂದೇ ಬರೆದೆ, ಕೆಳಗೆ ರಮ್ಯಶ್ರೀ, ಕುದುರೆ ಸವಾರಿ ತರಬೇತುದಾರಳು, ಹುಣಸೂರು. ಕಂಡಕ್ಟರ್ ಚಿಲ್ಲರೆ ಕೊಡುತ್ತಾ ನನ್ನ ಮುಖವನ್ನೊಮ್ಮೆ ದಿಟ್ಟಿಸಿದ, ಗುರುತು ಹಿಡಿದನೇ, ಇಲ್ಲ, ವಿಡಿಯೊದಲ್ಲಿ ನನ್ನ ಮುಖ ಇಲ್ಲವಲ್ಲ, ದನಿಯೂ ಇಲ್ಲ, ಬೇಲಿಯಾಚೆ ನಿಂತು ಅದನ್ನು ತೆಗೆದವರು ಮೇಲೆ ಯಾವುದೋ ದುಃಖದ ಸಂಗೀತ ಹಾಕಿದ್ದಾರೆ, ಆ ಸಂಗೀತ ನನ್ನನ್ನು ಉಳಿಸಿತು.

ಮೊಳೆ ನೆನಪಾಗುತ್ತದೆ, ಬೇಡವೆಂದರೂ ಬರುತ್ತದೆ, ನನಗಾಗ ಒಂಬತ್ತು ವರ್ಷ, ಅಪ್ಪ ಸುತ್ತಲಿನ ಏಳೆಂಟು ಊರಿನವರ ಹೋರಿಗಳನ್ನು ಪಳಗಿಸಿ ಕೊಡುತ್ತಿದ್ದ, ಪುಟ್ಟಸ್ವಾಮಿ ಕೈಗೆ ಬಿದ್ದರೆ ಹುಲಿಯೂ ನೊಗ ಹೊರುತ್ತೆ ಅನ್ನುತ್ತಿದ್ದರು, ಅವನ ಬಾರುಕೋಲಿನ ತುದಿಯಲ್ಲಿ ಒಂದು ಮೊಳೆ, ಮೊಂಡು ಮೊಳೆಯಲ್ಲ, ಪ್ರತಿ ವಾರ ಕಲ್ಲಿಗೆ ತಿಕ್ಕಿ ಚೂಪು ಮಾಡಿದ್ದು, ಹೋರಿಯ ತೊಡೆಯಲ್ಲಿ ಸಾಲಾಗಿ ಕೆಂಪು ಚುಕ್ಕೆ, ಅದರ ಮೇಲೆ ನೊಣ, ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಇಕ್ಕಳ ತಂದು ಮೊಳೆ ಕಿತ್ತು ಬಾವಿಗೆ ಹಾಕಿದೆ, ಎದ್ದವನು ಕೋಲಿನ ತುದಿ ಸವರಿ ನೋಡಿ ಯಾರು ಅಂದ, ನಾನೇ ಅಂದೆ, ನಾನ್ ದೊಡ್ಡೋಳಾದ್ರೆ ಯಾವ ಪ್ರಾಣಿಗೂ ಚುಚ್ಚಾಕಿಲ್ಲ ಅಂದೆ, ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ, ಹೊಡೆಯಲಿಲ್ಲ, ಆಮೇಲೆ ಮೊಳೆಯನ್ನೂ ಹಾಕಲಿಲ್ಲ, ಬರಿಗೋಲಲ್ಲೇ ಪಳಗಿಸಿದ, ಎರಡು ತಿಂಗಳಾಗುವುದು ನಾಲ್ಕು ತಿಂಗಳಾಯಿತು, ಜನ ಬೈದರು, ಆಗಲಿ ಬುಡಿ ಅಂದ. ಆ ಹುಡುಗಿ ನಾನು. ಮೈಸೂರಿನಲ್ಲಿ ಎನ್‌ಸಿಸಿಯ ಕುದುರೆ ಹತ್ತಿ, ಊರಿನವರೆಲ್ಲ ಬಾಯಿ ಮೇಲೆ ಕೈಯಿಟ್ಟುಕೊಳ್ಳುವಂತೆ ಸವಾರಳಾಗಿ, ಪಿರಿಯಾಪಟ್ಟಣದ ರಸ್ತೆಯಲ್ಲಿ ಆರು ಕುದುರೆಗಳ ಲಾಯ ಕಟ್ಟಿ, ಡ್ರೆಸಾಜ್ ಅಂದ್ರೇನು ಅಂತ ಕೇಳಿದವರಿಗೆಲ್ಲ ಕುದುರೆ ಕುಣಿಸೋದು ಕಣ್ರೀ ಎಂದು ನಕ್ಕವಳು, ಸವಾರ ಏನೂ ಮಾಡದಂತೆ ಕಾಣಬೇಕು, ಕುದುರೆ ತಾನೇ ಇಷ್ಟಪಟ್ಟು ಹೆಜ್ಜೆ ಹಾಕಿದಂತೆ ಕಾಣಬೇಕು, ತೀರ್ಪುಗಾರರು ಅಂಕ ಕೊಡುವುದು ಅದಕ್ಕೇ, ಕಾಣುವುದಕ್ಕೆ.

ಕಪಿಲಾ ಹಾಗೆ ಕಾಣುತ್ತಿರಲಿಲ್ಲ, ಅದೇ ತೊಂದರೆ. ಮೈಸೂರಿನ ರೇಸಿನಲ್ಲಿ ಓಡಿ ಸುಸ್ತಾದ ಕಂದು ಹೆಣ್ಣುಕುದುರೆ, ಶಿವಾನಿಯ ಅಪ್ಪ ಪ್ರಭುಸ್ವಾಮಿಯವರು ಸರಗೂರಿನಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟವರು, ಮಗಳಿಗೆಂದು ಕೊಂಡರು, ಹಸುವಿಗೆ ಇಡೋ ಹೆಸರು ಕುದುರೆಗೆ ಯಾಕಮ್ಮ ಎಂದರೆ ನಮ್ಮೂರ ಹೊಳೆ ಹೆಸರು ಎಂದಳಂತೆ ಹುಡುಗಿ, ಆಗ ಹನ್ನೆರಡು, ಈಗ ಹದಿನಾರು. ಕಪಿಲಾ ಕತ್ತು ಚಾಚಿ ಓಡಲು ಕಲಿತದ್ದು, ಬಿಲ್ಲಿನಂತೆ ಬಾಗಿಸು ಎಂದರೆ ಹೇಗೆ ಬಾಗಿಸೀತು, ಎರಡು ವರ್ಷ ನಿಧಾನವಾಗಿ ಕಲಿಸಿದೆ, ನಿಜ, ನಿಧಾನವಾಗಿಯೇ, ಎರಡು ವರ್ಷವೂ ರಾಜ್ಯಮಟ್ಟದಲ್ಲಿ ನಮಗೆ ಒಂಬತ್ತನೇ ಸ್ಥಾನ, ಹತ್ತನೇ ಸ್ಥಾನ, ಆಮೇಲೆ ಬೆಂಗಳೂರಿಗೆ ಬಂದಿದ್ದ ಹೊರದೇಶದ ತರಬೇತುದಾರನನ್ನು ನೋಡಿದೆ, ಅವನ ಕುದುರೆಗಳು ಗೆಲ್ಲುತ್ತಿದ್ದವು, ಅವನು ಲಗಾಮನ್ನು ಎಳೆದು ಕುದುರೆಯ ಗಲ್ಲವನ್ನು ಅದರ ಎದೆಗೆ ತಾಗಿಸಿ ಹಿಡಿದು ಹಾಗೇ ಸುತ್ತು ಹೊಡೆಸುತ್ತಿದ್ದ, ಮೂತಿಯ ಪಟ್ಟಿ ಬಾಯಿ ತೆರೆಯಲಾಗದಷ್ಟು ಬಿಗಿ, ಇದು ನಿಯಮಕ್ಕೆ ವಿರುದ್ಧವಲ್ಲವೇ ಎಂದು ಕೇಳಿದೆ, ಸ್ಪರ್ಧೆಯ ಅಂಗಳದಲ್ಲಿ ವಿರುದ್ಧ, ನಿನ್ನ ಮನೆಯಲ್ಲಿ ಯಾರು ನೋಡುತ್ತಾರೆ ಎಂದ, ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ.

ಮಾರನೆಯ ವಾರವೇ ಶುರು, ಗಲ್ಲ ಎದೆಗೆ, ಇನ್ನೂ ಒಳಗೆ, ಎಣಿಸು ಶಿವಾನಿ, ನೂರು, ಬಿಡಬೇಡ, ಇನ್ನೂರು, ಮೇಡಂ ಅವಳಿಗೆ ಮುಂದೆ ಏನೂ ಕಾಣಲ್ಲ ಅನ್ಸುತ್ತೆ ಎಂದಳು ಹುಡುಗಿ, ಕಾಣೋದು ಬೇಡ, ನಿಂಗೆ ಕಾಣುತ್ತಲ್ಲ, ಅವಳಿಗೆ ಕಣ್ಣು ನೀನೇ ಎಂದೆ, ಎಷ್ಟು ಚಂದದ ಮಾತು, ಆಡುವಾಗ ನನಗೇ ಹೆಮ್ಮೆಯಾಗಿತ್ತು. ಆ ಸಲ ಮೂರನೇ ಸ್ಥಾನ ಬಂತು. ಪದಕ ಹಾಕಿಸಿಕೊಳ್ಳುವಾಗ ಶಿವಾನಿ ನನ್ನ ಕಡೆ ನೋಡಿ ನಕ್ಕಳು, ಅವಳಿಗೂ ಖುಷಿಯಾಗಿತ್ತು, ಅದನ್ನೂ ನೆನೆಯಬೇಕು, ಖುಷಿಯನ್ನು ಕೊಟ್ಟೇ ನಾನು ಅವಳ ಬಾಯಿ ಕಟ್ಟಿದ್ದು. ಆಗಸ್ಟಿನಲ್ಲಿ ರಾಷ್ಟ್ರಮಟ್ಟಕ್ಕೆ ತಯಾರಿ, ದಿನಕ್ಕೆ ಎರಡು ಹೊತ್ತು, ಆ ಭಾನುವಾರ ಲಾಯದ ಅಂಕಯ್ಯ ನೀರಿನ ಬಕೆಟ್ಟು ಹಿಡಿದು ಬೇಲಿಯ ಬಳಿ ನಿಂತವನು, ಇಪ್ಪತ್ತು ವರ್ಷ ಟಾಂಗಾ ಓಡಿಸಿದವನು, ಅವ್ವಾ, ಕುದ್ರೆ ನೇರಳೆಹಣ್ಣು ತಿಂದದಾ ಅಂದ, ಯಾಕೆ ಅಂದೆ, ನಾಲಿಗೆ ನೋಡವ್ವ ಅಂದ, ನೋಡಿದೆ. ಕಡಿವಾಣದ ಪಕ್ಕದಿಂದ ನಾಲಿಗೆ ಹೊರಗೆ ಜಾರಿತ್ತು, ರಕ್ತ ಕಟ್ಟಿ ನೀಲಿ, ನಿಜಕ್ಕೂ ನೇರಳೆ ತಿಂದ ಮಕ್ಕಳ ನಾಲಿಗೆಯ ಹಾಗೇ, ನೇರಳೆಯ ಕಾಲ ಮುಗಿದು ತಿಂಗಳಾಗಿತ್ತು, ಅದು ನನಗೂ ಗೊತ್ತು ಅಂಕಯ್ಯನಿಗೂ ಗೊತ್ತು, ಶಿವಾನಿಗೆ ಮೇಲಿನಿಂದ ಕಾಣದು, ಅವಳು ನೂರಾ ಅರವತ್ತು ಎಂದು ಎಣಿಸುತ್ತಿದ್ದಾಳೆ, ನಾನು ಬಿಡು ಅನ್ನಬೇಕಿತ್ತು, ಒಂದೇ ಪದ, ಬಾಯಿ ತೆರೆದೆ, ಇನ್ನೂರಕ್ಕೆ ನಿಲ್ಸು ಅಂದೆ. ನಲವತ್ತು. ಆ ನಲವತ್ತು ಎಣಿಕೆಯ ಲೆಕ್ಕವನ್ನು ಎಲ್ಲಿಡಲಿ. ವಿಡಿಯೊ ಇರುವುದೂ ಹೆಚ್ಚುಕಡಿಮೆ ಅಷ್ಟೇ, ಮೂವತ್ತೆಂಟು ಸೆಕೆಂಡು.

ಕೋಟೆ ಬಂತು, ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತೆ, ಜನ ಹತ್ತುತ್ತಿದ್ದಾರೆ, ಎಲ್ಲರ ಕೈಯಲ್ಲೂ ಮೊಬೈಲು, ವಿಡಿಯೊ ಹರಡಿದ ವಾರ ಹೀಗೇ ಎಲ್ಲರ ಕೈಯಲ್ಲೂ ಶಿವಾನಿ ಇದ್ದಳು, ರಾಕ್ಷಸಿ, ಇವಳ ಬಾಯಿಗೂ ಹೀಗೇ ಪಟ್ಟಿ ಕಟ್ಟಬೇಕು, ಇನ್ನೂ ಏನೇನೋ, ಪಿಯುಸಿ ಹುಡುಗಿಗೆ ಹೇಳಬಾರದ ಮಾತು, ಕಾಲೇಜಿಗೆ ಹೋಗುವುದನ್ನು ಬಿಟ್ಟಳು, ನನ್ನ ಅಪ್ಪನಿಗೆ ಯಾರೋ ಊರಿನವರು ತೋರಿಸಿದರು, ಅಪ್ಪ ಎರಡು ಸಲ ನೋಡಿ ಮೊಬೈಲನ್ನು ನನ್ನ ಮುಂದೆ ಹಿಡಿದು, ಮೊಳೆ ಕಿತ್ತಾಕ್ದೋಳು ನೀನೇಯಾ ಅಂದ, ಅಷ್ಟೇ, ಅವತ್ತಿನಿಂದ ಉಣ್ಣು ಅನ್ನುತ್ತಾನೆ, ಬಾಗಿಲು ಹಾಕ್ಕೊ ಅನ್ನುತ್ತಾನೆ, ಬೇರೆ ಮಾತಿಲ್ಲ. ಕುದುರೆ ಸವಾರಿ ಸಂಘದವರು ವಿಚಾರಣೆಗೆ ಬೆಂಗಳೂರಿಗೆ ಕರೆದರು, ಉದ್ದನೆಯ ಮೇಜು, ಮೂವರು, ಗಾಜಿನ ಲೋಟದಲ್ಲಿ ನೀರು, ಈ ವಿಧಾನವನ್ನು ನೀವು ಕಲಿಸಿದಿರಾ ಎಂದು ಕೇಳಿದರು, ಪಕ್ಕದ ಕುರ್ಚಿಯಲ್ಲಿ ಶಿವಾನಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ನಾನು ಲಾಯವನ್ನು ನೆನೆದೆ, ಆರು ಕುದುರೆ, ಹದಿನೇಳು ಮಕ್ಕಳು, ಹೆಸರು — ಹೆಸರನ್ನೇ ನೆನೆದದ್ದು, ಉಳಿದದ್ದೆಲ್ಲ ಈಗ ಸೇರಿಸುತ್ತಿದ್ದೇನೆ — ಅಷ್ಟು ಎಳೆಯಲು ನಾನು ಹೇಳಿಲ್ಲ, ಲಗಾಮು ಅವಳ ಕೈಯಲ್ಲಿತ್ತು ಅಂದೆ. ಶಿವಾನಿ ತಿರುಗಿ ನೋಡಿದಳು, ಕೋಪವಲ್ಲ, ಯಾವುದೋ ಪಾಠ ಅರ್ಥವಾಗದೆ ಮತ್ತೊಮ್ಮೆ ಹೇಳಿ ಮೇಡಂ ಅನ್ನುವಾಗ ನೋಡುತ್ತಿದ್ದಳಲ್ಲ, ಹಾಗೆ, ಆಮೇಲೆ ಮೇಜಿನ ಕಡೆ ತಿರುಗಿ ಹೌದು ಸರ್ ನಾನೇ ಎಳೆದೆ ಅಂದಳು, ತಲೆ ತಗ್ಗಿಸಿದಳು, ಗಲ್ಲ ಎದೆಗೆ ತಾಗುವಷ್ಟು. ಅವಳಿಗೆ ಎರಡು ವರ್ಷ ನಿಷೇಧ. ನನಗೆ ಎಚ್ಚರಿಕೆಯ ಪತ್ರ. ಅಂಕಯ್ಯ ಕೆಲಸ ಬಿಟ್ಟ, ಬತ್ತೀನಿ ಕಣವ್ವ ಎಂದವನು ಬರಲಿಲ್ಲ.

ಅಂತರಸಂತೆಯಲ್ಲಿ ಇಳಿದು ಪ್ರಭುಸ್ವಾಮಿಯವರ ಹೊಲವನ್ನು ಕೇಳಿದರೆ ಕುದ್ರೆ ಇರೋ ಹೊಲಾನಾ ಎಂದು ಟೀ ಅಂಗಡಿಯವನು ಕೈ ತೋರಿಸಿದ, ಮಣ್ಣಿನ ದಾರಿ, ಹತ್ತಿ ಬಿಡಿಸುತ್ತಿರುವ ಹೆಂಗಸರು, ಅದರಾಚೆ ಆನೆ ಬರದಂತೆ ತೋಡಿದ ಕಂದಕ, ಆಚೆಗೆ ಕಾಡು, ಬೇಲಿಯ ಬಳಿ ಕಲ್ಲಿನ ಮೇಲೆ ಪುಸ್ತಕ ಹಿಡಿದು ಶಿವಾನಿ ಕೂತಿದ್ದಾಳೆ, ಕೂದಲು ಗಿಡ್ಡ ಮಾಡಿಸಿದ್ದಾಳೆ, ಎದ್ದು ನಿಂತಳು, ಬನ್ನಿ ಮೇಡಂ ಅಂದಳು, ಅಪ್ಪ ಅಂಗಡಿಗೆ ಹೋಗಿದ್ದಾರೆ, ನೀರು ಕುಡೀತೀರಾ ಅಂದಳು, ಬೈದಿದ್ದರೆ ಸಲೀಸಾಗುತ್ತಿತ್ತು. ಮೊಬೈಲನ್ನು ಅವಳ ಮುಂದೆ ಹಿಡಿದೆ, ಓದು ಅಂದೆ, ಓದಿದಳು, ನಿಧಾನವಾಗಿ, ಬೆರಳಿಂದ ಮೇಲೆ ಸರಿಸಿ ಮತ್ತೆ ಮೊದಲಿಂದ ಓದಿದಳು, ಕಳಿಸಿದ್ದೀರಾ ಎಂದಳು, ಇನ್ನೂ ಇಲ್ಲ, ನಿನಗೆ ತೋರಿಸಿ ಆಮೇಲೆ ಅಂದೆ, ನಂಗ್ಯಾಕೆ ಮೇಡಂ ತೋರಿಸ್ತೀರ, ನಾನು ಬೇಡ ಅಂತೀನಿ ಅಂತಲಾ ಎಂದಳು, ಕುಟುಕುವ ದನಿಯಲ್ಲ, ನಿಜವಾಗಿ ಕೇಳಿದಳು, ಹೌದು, ಅದಕ್ಕೇ ಬಂದಿದ್ದೆ, ಬಸ್ಸಿನಲ್ಲಿ ಅಷ್ಟು ದೂರ ಯೋಚಿಸುತ್ತ ಬಂದವಳಿಗೆ ಈ ಒಂದು ವಿಷಯ ಹೊಳೆದಿರಲಿಲ್ಲ, ಬಿಡಿ ಮೇಡಂ ಆದದ್ದು ಆಯ್ತು ಎಂದು ಹದಿನಾರರ ಹುಡುಗಿಯ ಬಾಯಲ್ಲಿ ಅನ್ನಿಸಿಕೊಂಡು ಸಂಜೆಯ ಬಸ್ಸಿಗೆ ಹಿಂತಿರುಗಲು ಬಂದಿದ್ದೆ. ಅವಳ ಎದುರಿಗೇ ಒತ್ತಿದೆ. ಸಿಗ್ನಲ್ ಇಲ್ಲಿ ಬರ್ತಾ ಹೋಗ್ತಾ ಇರುತ್ತೆ, ಆ ದಿಬ್ಬಕ್ಕೆ ಹೋಗಿ ಎಂದಳು, ದಿಬ್ಬ ಹತ್ತಿ ಕೈ ಎತ್ತಿ ಹಿಡಿದು ನಿಂತೆ, ಹೋಯಿತು, ಇನ್ನು ಲಾಯ ಉಳಿಯುವುದಿಲ್ಲ, ಹೋಯಿತು ಎಂದು ಅವಳ ಕಡೆ ಕೈಮಾಡಿದೆ, ಅವಳು ತಲೆಯಾಡಿಸಿದಳು, ಮುಖದಲ್ಲಿ ಏನೂ ಇಲ್ಲ, ಆದರೂ ದಿಬ್ಬ ಇಳಿಯುವಾಗ ನನ್ನ ಮಂಡಿಗಳು ಹಗುರವಾಗಿದ್ದವು, ಎರಡು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು, ಇಷ್ಟು ಬೇಗ ಹಗುರವಾಗಬಹುದೇ, ಅದಕ್ಕೂ ನಾಚಿಕೆಯಾಯಿತು.

ಕಪಿಲಾ ಎಲ್ಲಿ ಎಂದೆ, ಬನ್ನಿ ಎಂದು ಹೊಂಗೆಮರದ ಆಚೆ ಕರೆದುಕೊಂಡು ಹೋದಳು, ಯಾರೂ ಹತ್ತಲ್ಲ ಮೇಡಂ, ಸುಮ್ನೆ ಮೇಯ್ಕೊಂಡಿರ್ತಾಳೆ ಎಂದಳು, ಹುಲ್ಲಿನ ನಡುವೆ ಕಪಿಲಾ, ಮೈ ತುಂಬಿಕೊಂಡಿದೆ, ಹೊಟ್ಟೆ ಬಂದಿದೆ, ಬಾಲಕ್ಕೆ ಮುಳ್ಳು ಮೆತ್ತಿಕೊಂಡಿದೆ, ಶಿವಾನಿ ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿದಳು, ಕುದುರೆ ಕತ್ತನ್ನು ಉದ್ದಕ್ಕೆ, ಎಷ್ಟು ಉದ್ದಕ್ಕೆ, ಓಡುವ ಕುದುರೆಯ ಹಾಗೆ ಮುಂದೆ ಚಾಚಿ, ಮೂಗು ಅರಳಿಸಿಕೊಂಡು ನಾಲ್ಕು ಹೆಜ್ಜೆ ಬಂತು, ಮರೆತಿದೆ, ಪ್ರಾಣಿಗಳು ಮರೆಯುತ್ತವೆ, ಬಾ ಕಪಿಲಾ ಅಂದೆ. ಅಷ್ಟೇ ಅಂದದ್ದು. ಮೆಲ್ಲಗೇ ಅಂದದ್ದು. ಬರುತ್ತಿದ್ದುದು ಅಲ್ಲೇ ನಿಂತಿತು, ಕಿವಿಗಳು ಹಿಂದಕ್ಕೆ ಹೋದವು, ಚಾಚಿದ್ದ ಕತ್ತು ಸುರುಳಿ ಸುತ್ತಿಕೊಳ್ಳುವಂತೆ ಒಳಗೆ ಬಂತು, ಬಾಯಲ್ಲಿ ಕಡಿವಾಣವಿಲ್ಲ, ಮೂತಿಗೆ ಪಟ್ಟಿಯಿಲ್ಲ, ಬೆನ್ನ ಮೇಲೆ ಯಾರೂ ಇಲ್ಲ, ಎಳೆಯುವವರು ಯಾರೂ ಇಲ್ಲ, ಗಲ್ಲ ಎದೆಗೆ, ಶಿವಾನಿ ನನ್ನ ತೋಳು ಮುಟ್ಟಿ ಮಾತಾಡ್ಬೇಡಿ ಮೇಡಂ ಎಂದಳು, ನಾನು ಆಗಲೇ ಸುಮ್ಮನಾಗಿದ್ದೆ, ಉಸಿರನ್ನೂ ಹಿಡಿದಿದ್ದೆ, ಅದು ಬಿಡಲಿಲ್ಲ, ತನ್ನ ಗೊರಸನ್ನೇ ನೋಡುತ್ತ ನಿಂತಿದೆ, ಇನ್ನೂರಾಗಲಿ ಎಂದು ಕಾಯುತ್ತ ನಿಂತಿದೆ, ಗಲ್ಲ ಎದೆಗೆ, ಯಾರೂ ಎಳೆಯುತ್ತಿಲ್ಲ, ಗಲ್ಲ ಎದೆಗೆ —