ಕೊಡೆಯ ತುದಿ ಮುಟ್ಟುವಷ್ಟು ದೂರ

ಆ ಪುಸ್ತಕ ಎಷ್ಟು ದಪ್ಪವಿತ್ತೆಂದರೆ, ಅದನ್ನು ತಲೆದಿಂಬು ಮಾಡಿಕೊಂಡು ಮಲಗಿದವನ ಮುಖ ಮೂರು ದಿನ ನೆಲವನ್ನೇ ನೋಡುತ್ತಿತ್ತು. ಧಾರವಾಡದ ಕಾಲೇಜಿನ ಗಣಿತದ ಪುಸ್ತಕ. ಮುಂದಿನ ಅರ್ಧ ಕ್ಯಾಲ್ಕ್ಯುಲಸ್. ಹಿಂದಿನ ಅರ್ಧದಲ್ಲಿ ಎರಡು ಗೀಟುಗಳ ನಡುವೆ ಅಂಕಿಗಳು ಪೊಲೀಸರ ಕವಾಯತಿನ ಹಾಗೆ ಸಾಲು ಹಿಡಿದು ನಿಂತಿರುತ್ತಿದ್ದವು. ಅದಕ್ಕೆ ಡಿಟರ್ಮಿನೆಂಟು ಎಂದು ಹೆಸರು. ಒಂದೇ ಕೋಣೆಯಲ್ಲಿದ್ದ ಕಾರವಾರದ ದೇವಾನಂದ, ಅಂಕೋಲೆಯ ನಾಗ, ಇಬ್ಬರಿಗೂ ಸೇರಿ ಇದ್ದದ್ದು ಅದೊಂದೇ ಪುಸ್ತಕ. ದಿನಾ ಕಿತ್ತಾಡಿ ಸಾಕಾಗಿ, ಒಂದು ಭಾನುವಾರ ಖಾನಾವಳಿಯ ಮೆಟ್ಟುಗತ್ತಿಯ ಮೇಲೆ ಅದರ ಬೆನ್ನಿಟ್ಟು ಕುಂಬಳಕಾಯಿ ಸೀಳಿದಂತೆ ಸೀಳಿದರು. ಮುಂದಿನದು ನಾಗನಿಗೆ, ಹಿಂದಿನದು ದೇವಾನಂದನಿಗೆ. ಶಿವರಾತ್ರಿ ಕಳೆದ ಮೇಲೆ ಅದಲು ಬದಲು ಮಾಡಿಕೊಳ್ಳುವ ಮಾತು.

ಶಿವರಾತ್ರಿಗೆ ಮೊದಲೇ ನಾಗ ಕಾಲರಾದಲ್ಲಿ ಸತ್ತ.

ಹೆಣವನ್ನು ಧಾರವಾಡದಲ್ಲೇ ಸುಟ್ಟಿದ್ದರು. ನಾಗನ ಟ್ರಂಕು ಹೊತ್ತು ಅಂಕೋಲೆಗೆ ಬಂದವನು ದೇವಾನಂದ. ನಾಗನ ತಾಯಿ ಬೊಮ್ಮು ಅತ್ತು ಅತ್ತು ಸುಸ್ತಾಗಿ, ಕೇಳಿದ್ದು ಒಂದೇ ಮಾತು.

"ಕಡೀಗೆ ಅವನ ಬಾಯಿಗೆ ನೀರ್ ಬಿಟ್ಟವ್ರ್ಯಾರು ತಮಾ?"

"ನಾನೇ, ಆಯಿ."

ಅವಳು ಅವನ ಎರಡೂ ಕೈಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ದೇವಾನಂದನಿಗೆ ಆ ಕೈಗಳನ್ನು ಎಲ್ಲಿಡಬೇಕೆಂದು ಆಮೇಲೆ ಗೊತ್ತಾಗಲಿಲ್ಲ.

ಕಾರವಾರದ ಮನೆ ಸೇರಿದ ಮೇಲೆ ನೆನಪಾಯಿತು: ಪುಸ್ತಕದ ಮುಂದಿನ ಅರ್ಧ ಆ ಟ್ರಂಕಿನಲ್ಲೇ ಉಳಿದಿದೆ. ಪರೀಕ್ಷೆಗೆ ಮೂರೇ ವಾರ. ಅವನು ಆಗಲೇ ಒಂದು ಸಲ ನಪಾಸು. ಈ ಸಲವೂ ಕೈಕೊಟ್ಟರೆ ಕಟ್ಟಿಗೆ ಡಿಪೋದಲ್ಲಿ ತೊಲೆಗಳಿಗೆ ನಂಬರು ಹೊಡೆಯಲು ಹಚ್ಚುತ್ತೇನೆ ಎಂದು ಅಪ್ಪ ತುಳಸಿದಾಸ ಹೇಳಿಯಾಗಿತ್ತು. ಹೇಳಿದ್ದನ್ನು ಮಾಡದ ಮನುಷ್ಯನಲ್ಲ. ಅವನ ಕೆಮ್ಮಿಗೇ ಕಾಳಿ ನದಿಯ ದೋಣಿಗಳು ದಿಕ್ಕು ಬದಲಿಸುತ್ತಿದ್ದವಂತೆ.

ನಾಗ ಸತ್ತ ಎಂಟನೆಯ ದಿನ ದೇವಾನಂದ ಮತ್ತೆ ಅಂಕೋಲೆಗೆ ಬಂದ.

"ಹನ್ನೆರ್ಡ್ ದಿನ ಆಗೂವರಿಗೆ ಅವನ ಸಾಮಾನು ಅಂಗ್ಳ ದಾಟೂಕಿಲ್ಲ ತಮಾ" ಎಂದಳು ಬೊಮ್ಮು. "ಆಮೇಲೆ ಅದು ನಿಂದೇಯ. ಬಾಯಿಗೆ ನೀರ್ ಬಿಟ್ಟವ ನೀನು, ನನ್ನ ಮಗನ ಲೆಕ್ಕವೇ. ಅಲ್ಲೀವರಿಗೆ ಇಲ್ಲೇ ಕೂತ್ಕಂಡು ಓದು. ಅಂವ ರಜಿಗೆ ಬಂದಾಗ ದೊಡ್ಡಕೆ ಓದ್ತಿದ್ದ. ನಂಗೆ ಕೇಳ್ಬೇಕು."

ಹಾಗೆ ದೇವಾನಂದ ಪೇಟೆಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ದಿನಾ ಬೆಳಗ್ಗೆ ಬಂದು ನಾಗನ ಮನೆಯ ಜಗಲಿಯಲ್ಲಿ ಕ್ಯಾಲ್ಕ್ಯುಲಸ್ ಪಾರಾಯಣಕ್ಕೆ ಕೂತ. ಎಲ್ಲಾ ಇಂಗ್ಲಿಷು. ಆದರೂ ಸೂತಕದ ಮನೆಗೆ ಬಂದವರು ಕಾಲು ಮಡಚಿ ಕೂತು ಕೇಳಿದರು. ಮುದುಕಿಯರು ಕೈ ಮುಗಿದರು. ಕೊಟ್ಟಿಗೆಯ ಎಮ್ಮೆ ಕೂಡ ಮೆಲುಕು ನಿಲ್ಲಿಸಿ ಕಿವಿ ಈ ಕಡೆ ತಿರುಗಿಸಿತ್ತು ಎನ್ನುತ್ತಾರೆ; ಅದಕ್ಕೆಷ್ಟು ತಲೆಗೆ ಹತ್ತಿತೋ, ಅದು ಹೇಳಲಿಲ್ಲ.

ಪಕ್ಕದ ಮನೆಯ ಮುದುಕ ದುರ್ಗಪ್ಪನಿಗೆ ಮಾತ್ರ ತಡೆಯಲಿಲ್ಲ. "ಇದ್ರಲ್ಲಿ ಯುದ್ಧ ಎಲ್ಲಿ ಬತ್ತದೆ ಮಾರಾಯಾ? ಎರಡ್ ದಿನ ಆಯ್ತು, ಒಬ್ನೂ ಸಾಯ್ಲಿಲ್ಲ!"

"ಈ ಮನೇಲಿ ಸತ್ತವ ಒಬ್ಬ ಸಾಲ್ದನಾ ನಿಂಗೆ, ಅಜ್ಜಾ?" ಎಂದಳು ನಾಗನ ಅಕ್ಕ ಸುಕ್ರಿ.

ಓದು ಮುಗಿದ ಕೂಡಲೇ ಸುಕ್ರಿ ಬೆಲ್ಲದ ತುಣುಕನ್ನೂ ಚೆಂಬು ನೀರನ್ನೂ ತಂದು ದೇವಾನಂದನ ಕೈಗೇ ಕೊಡುತ್ತಿದ್ದಳು. ಗಂಟಲು ಒಣಗಿದ ಅವನು ಗಟಗಟ ಕುಡಿಯುತ್ತಿದ್ದ. ಬೊಮ್ಮು ಅದನ್ನೇ ನೋಡುತ್ತ ಕೂರುತ್ತಿದ್ದಳು.

ಹನ್ನೊಂದನೆಯ ದಿನ, ತುದಿ ಮಡಚಿದ ಒಂದು ಹಾಳೆ ಸಿಕ್ಕಿತು. ಪಕ್ಕದಲ್ಲಿ ನಾಗನ ಸೀಸದಕಡ್ಡಿಯ ಅಕ್ಷರ.

"ಅಂವ ಮಡ್ಚಿದ್ದು" ಎಂದಳು ಬೊಮ್ಮು. "ಇಲ್ಲೀವರಿಗೆ ಓದಿದ್ದ ಕಾಣ್ತು. ಇದೊಂದು ಇಂಗ್ಲಿಷ್ ಬ್ಯಾಡ. ನಂಗೆ ತಿಳಿಯೂ ಹಂಗೆ ಹೇಳು."

ದೇವಾನಂದ ಹಾಳೆಯನ್ನು ನೋಡಿದ. ಸುಲಭದ್ದೇ.

"ಒಬ್ಬ ಇಲ್ಲಿಂದ ಅಲ್ಲಿಗೆ ಹೊರಟಿದ್ದಾನೆ, ಆಯಿ. ಮೊದಲು ಅರ್ಧ ದಾರಿ ಹೋಗ್ತಾನೆ. ಆಮೇಲೆ ಉಳಿದದ್ರಲ್ಲಿ ಅರ್ಧ. ಮತ್ತೆ ಉಳಿದದ್ರಲ್ಲಿ ಅರ್ಧ. ಹಾಗೇ."

"ಮುಟ್ಟೂದು ಯಾವಾಗ?" ಎಂದಳು ಸುಕ್ರಿ.

"ಹತ್ತಿರ ಹತ್ತಿರ ಹೋಗ್ತಾನೆ ಇರ್ತಾನೆ. ಮುಟ್ಟೂದಿಲ್ಲ."

"ಎಷ್ಟ್ ಹತ್ರ ಹೋಗ್ತ?" ಬೊಮ್ಮು ಕೇಳಿದಳು.

"ಒಂದು ಗೇಣು" ಎಂದುಬಿಟ್ಟ ದೇವಾನಂದ.

ಬೊಮ್ಮು ಪುಸ್ತಕದ ಕಡೆಗೆ ಬಗ್ಗಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಹಾಳೆಯನ್ನು ನೋಡಿದಳು, ಆಮೇಲೆ ಅವನ ಮುಖವನ್ನು.

"ಗೇಣು ಅಂತ ಬರ್ದದ್ಯಾ ತಮಾ, ಅದ್ರಲ್ಲಿ?"

"ಇಲ್ಲ, ಆಯಿ."

ಆಮೇಲೆ ಅವನು ಹೇಳಿದ. ನಾಗನಿಗೆ ವಾಂತಿ ಭೇದಿ ಶುರುವಾದ ದಿನ ಮಧ್ಯಾಹ್ನವೇ ತಾನು ಕೋಣೆ ಬಿಟ್ಟು ಹೊರಗೆ ಬಂದದ್ದು. ನಾಗ ನೀರು ನೀರು ಎಂದದ್ದು. ತಾನು ಹೊಸಿಲು ದಾಟಲು ಹೆದರಿ, ನೀರಿನ ತಂಬಿಗೆಯನ್ನು ನೆಲದ ಮೇಲಿಟ್ಟು ಕೊಡೆಯ ತುದಿಯಿಂದ ಒಳಗೆ ನೂಕಿದ್ದು. ಕೊಡೆ ಮುಟ್ಟುವಷ್ಟು ದೂರ ನೂಕಿ, ಎರಡು ಬೀದಿ ಆಚೆ ಗೆಳೆಯರ ಮನೆಗೆ ಓಡಿಹೋದದ್ದು. ಮರುದಿನ ಬಂದು ನೋಡಿದರೆ ನಾಗ ಚಾಪೆ ಬಿಟ್ಟು ಬಹಳ ದೂರ ತೆವಳಿ ಬಂದಿದ್ದ. ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. ಅವನ ಬೆರಳಿಗೂ ಅದಕ್ಕೂ ನಡುವೆ ಒಂದು ಗೇಣು.

ಪುಸ್ತಕ ಹೋಯಿತು ಎಂದುಕೊಂಡ ದೇವಾನಂದ. ಅಂಥ ಹೊತ್ತಿನಲ್ಲೂ ಅದೇ ನೆನಪಾಯಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೊಮ್ಮು ಬೈಯಲಿಲ್ಲ. ಸೆರಗಿನಿಂದ ಹಾಳೆಯ ಮಡಿಕೆಯನ್ನು ಒರೆಸಿ ನೆಟ್ಟಗೆ ಮಾಡಿದಳು. "ಉಳಿದದ್ದು ಓದು. ನಾಳೆ ಬಂದು ತಕ್ಕಂಡೋಗು. ಕೊಡ್ತೆ ಅಂದಿದ್ದೆ, ಕೊಡ್ತೆ."

ಅವನು ಓದಿದ. ಅದೇನು ಓದಿದನೋ. ಆ ದಿನ ಬೆಲ್ಲ ನೀರು ಬರಲಿಲ್ಲ.

ಹನ್ನೆರಡನೆಯ ದಿನ ಕ್ರಿಯೆಗಳೆಲ್ಲ ಮುಗಿದ ಮೇಲೆ ಬೊಮ್ಮು ಪುಸ್ತಕದ ಅರ್ಧವನ್ನು ನಾಗನ ಪಂಚೆಯ ತುಂಡಿನಲ್ಲಿ ಸುತ್ತಿ ದೇವಾನಂದನ ಮಡಿಲಿಗಿಟ್ಟಳು. ಬಿಸಿಲು ಹೆಂಚನ್ನು ಸೀಳುವ ಹಾಗಿತ್ತು. ಸುಕ್ರಿ ಚೆಂಬು ತಂದಳು. ಕೈಗೆ ಕೊಡಲಿಲ್ಲ. ಜಗಲಿಯ ಆ ತುದಿಯಲ್ಲಿ ನೆಲಕ್ಕಿಟ್ಟು, ಕಂಬಕ್ಕೆ ಒರಗಿಸಿದ್ದ ಅವನದೇ ಕೊಡೆಯನ್ನು ತೆಗೆದು, ಅದರ ತುದಿಯಿಂದ ಚೆಂಬನ್ನು ನಿಧಾನ ಮುಂದೆ ನೂಕಿದಳು. ಕೊಡೆ ಮುಟ್ಟುವಷ್ಟು ದೂರ. ಆಮೇಲೆ ಕೊಡೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು.

"ಕುಡಿ ತಮಾ" ಎಂದಳು ಬೊಮ್ಮು. "ಹತ್ರನೇ ಇದ್ದದೆ."

ನಾಲ್ಕು ಹೆಜ್ಜೆ. ಅವನ ಕಾಲುಗಳಲ್ಲಿ ಶಕ್ತಿಯಿತ್ತು, ಮೈಯಲ್ಲಿ ಯಾವ ರೋಗವೂ ಇರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎದ್ದ. ಚೆಂಬನ್ನು ಮುಟ್ಟದೆ ಬಳಸಿ ನಡೆದು ಕೊಡೆಯನ್ನು ಎತ್ತಿಕೊಂಡು ಅಂಗಳಕ್ಕಿಳಿದ.

ಬಸ್ಸಿಗೆ ಕಾಯಲಿಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಅವತ್ತು ನೂರೆಂಟು ಬಾವಿಗಳಿದ್ದವು, ಎಲ್ಲದರಲ್ಲೂ ನೀರು ಬಾಯಿಮಟ್ಟ. ಸಂಜೆ ಚೆಂಡಿಯಾದ ಹತ್ತಿರ ನೀರು ಸೇದುತ್ತಿದ್ದ ಗಂಗಿ ಎಂಬ ಹೆಂಗಸು, ಒಡೆದ ಅವನ ತುಟಿಗಳನ್ನು ಕಂಡು ಕೊಡ ಎತ್ತಿದಳು. "ಬಾ ಒಡೆಯಾ, ಕೈ ಒಡ್ಡು. ಹೊಯ್ತೆ."

ಅವನ ಒಂದು ಕೈಯಲ್ಲಿ ಪುಸ್ತಕವಿತ್ತು, ಇನ್ನೊಂದರಲ್ಲಿ ಕೊಡೆ. ಎರಡನ್ನೂ ಅವನು ಕೆಳಗಿಡಲಿಲ್ಲ.