ಇಪ್ಪತ್ತನೇ ನಂಬರಿನ ಹಳದಿ

ನಿವೃತ್ತ ಗ್ರಂಥಪಾಲಕಿಯ ತೋಟದಲ್ಲಿ ಮೂವತ್ತೆರಡು ಗಿಡಗಳಿದ್ದವು. ಬುಡದಲ್ಲಿ ತಗಡಿನ ನಂಬರು. ಹೆಸರು, ಗುಣ ಎಲ್ಲ ರಿಜಿಸ್ಟರಿನಲ್ಲಿ. ಗಿಡ ಮನೆಗೆ ಬಂದ ಕ್ರಮದಲ್ಲಿ ನಂಬರು ಕೊಟ್ಟಿದ್ದರಿಂದ ನೆಲದ ಮೇಲೆ ಏಳರ ಪಕ್ಕ ಇಪ್ಪತ್ತಾರು, ಅದರ ಪಕ್ಕ ಮೂರು. ನೀರು ಹಾಕುವ ಗಂಡ ಯಾವ ಹೂವಿನ ಹೆಸರೆತ್ತಿದರೂ ಆಕೆ ರಿಜಿಸ್ಟರು ತೆರೆದು ತಿದ್ದುತ್ತಿದ್ದರು. ಮೂವತ್ತು ವರ್ಷ ತಿದ್ದಿಸಿಕೊಂಡ ಮೇಲೆ ಅವರು ಹೂಗಳನ್ನು ‘ಇದು’, ‘ಅದು’ ಎಂದಷ್ಟೇ ಕರೆಯುತ್ತಿದ್ದರು.

ಆ ಬೇಸಿಗೆಯಲ್ಲಿ ಕಾಂಪೌಂಡಿಗೆ ಬಣ್ಣ ಹೊಡೆಯಲು ಬಂದ ಪೇಂಟರು ತಗಡುಗಳನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿದ. ಕೆಲಸ ಮುಗಿದ ಮೇಲೆ ಗೇಟಿನಿಂದ ಒಂದು, ಎರಡು, ಮೂರು ಎಂದು ಸಾಲಾಗಿ ಚುಚ್ಚಿದ.

“ಎಲ್ಲ ಚೆಲ್ಲಾಪಿಲ್ಲಿ ಇತ್ತು ಸಾರ್. ಸರಿ ಮಾಡಿದೀನಿ.”

ಗಂಡ ತಲೆಯಾಡಿಸಿದರು. ನಂಬರುಗಳು ಅವರ ಇಲಾಖೆಯಲ್ಲ.

ಮರುದಿನ ಗಂಡನ ತಂಗಿ ಬಂದಳು. ಗ್ರಂಥಪಾಲಕಿ ರಿಜಿಸ್ಟರು ಹಿಡಿದು ಜಗುಲಿಯಲ್ಲೇ ಕೂತರು. ಹೂ ನೋಡಲು ಬಿಸಿಲಿಗಿಳಿಯುವ ಅಭ್ಯಾಸ ಆಕೆಗಿರಲಿಲ್ಲ.

“ಅತ್ತಿಗೆ, ಇಪ್ಪತ್ತು ಏನು? ಮೈತುಂಬ ಹಳದಿ ಹೊತ್ತು ನಿಂತಿದೆ,” ಎಂದು ತೋಟಕ್ಕಿಳಿದ ನಾದಿನಿ ಕೂಗಿದಳು.

“ಹಳದಿ ದಾಸವಾಳ. ಎಸಳು ಶರಬತ್ತಿಗೆ ಹಾಕಬಹುದು.”

“ನೀವು ಕೂಗಿದ್ರೆ ಗಿಡಗಳೂ ಹಾಜರಿ ಹೇಳ್ತವೆ ಬಿಡಿ.”

ನಾದಿನಿ ಮಡಿಲು ತುಂಬ ಕಿತ್ತು ತಂದು, ಎಸಳು ಹರಿದು, ಅರೆದು, ನಿಂಬೆ ನೀರಿಗೆ ಬೆರೆಸಿದಳು. ಗಂಡ ಪೈಪು ಸುತ್ತಿಟ್ಟು ಬರುವಷ್ಟರಲ್ಲಿ ಒಂದು ಲೋಟ ಖಾಲಿ ಮಾಡಿದ್ದಳು.

“ಕುಡಿ ಅಣ್ಣ. ಸ್ವಲ್ಪ ಕಹಿ, ಅಷ್ಟೆ.”

ಗಂಡ ಜಗ್ಗಿನೊಳಗೆ ಇಣುಕಿದರು. “ಇದು… ಅದು ಅಲ್ವಾ?”

“ಯಾವುದು ಯಾವುದಲ್ಲ?” ಎಂದರು ಹೆಂಡತಿ. “ಇಪ್ಪತ್ತು ದಾಸವಾಳ ರೀ. ಬರೆದಿದೆ.”

ಬರೆದದ್ದು ನಿಜ. ಗಂಡ ಲೋಟವನ್ನು ತುಟಿಯವರೆಗೂ ಒಯ್ದರು. ಆಮೇಲೆ ಕೆಳಗಿಟ್ಟು ತೋಟಕ್ಕೆ ಹೋದರು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು: ತಗಡುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಇಪ್ಪತ್ತರ ಒಂದು ಟೊಂಗೆ ಮುರಿದರು. ಬಿಳಿ ಹಾಲು ಬೆರಳಿಗಿಳಿಯಿತು.

ಓಡಿ ಬಂದವರೇ ಜಗ್ಗನ್ನು ಮೋರಿಗೆ ಬಗ್ಗಿಸಿದರು.

“ದಾಸವಾಳದಲ್ಲಿ ಹಾಲು ಬರಲ್ಲ. ಪೇಂಟರು ನಂಬರು ಬದಲಾಯಿಸಿದಾನೆ. ಇದು ವಿಷ, ಎದೆಬಡಿತ ನಿಲ್ಲಿಸುತ್ತೆ. ಎಷ್ಟು ಕುಡಿದೆ ನೀನು?”

“ಒಂದೇ ಲೋಟ ಅಣ್ಣ,” ಎಂದಳು ತಂಗಿ. ನಗುತ್ತಲೇ ಹೇಳಿದವಳು ಅಣ್ಣನ ಮುಖ ನೋಡಿ ನಗು ನಿಲ್ಲಿಸಿದಳು.

ಹೆಂಡತಿ ಆಸ್ಪತ್ರೆಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಪ್ರಶ್ನೆಗೆ ಎರಡು ಪುಟ ತಿರುವಿ, ರಿಜಿಸ್ಟರು ಮುಚ್ಚಿ, ಫೋನನ್ನು ಗಂಡನತ್ತ ಚಾಚಿದರು.

“ಯಾವ ಗಿಡ ಅಂತ ಕೇಳ್ತಿದಾರೆ. ನೀವೇ ಹೇಳಿ.”

“ಹಳದಿ ಕಣಗಿಲೆ,” ಎಂದರು ಗಂಡ. ಯಾರೂ ತಿದ್ದಲಿಲ್ಲ.

ಆಂಬುಲೆನ್ಸ್ ಹೊರಟಿದೆ, ಮಲಗಿಸಿ, ವಿಷ ಏರಿದರೆ ಬಣ್ಣಗಳು ಬೇರೆಯಾಗಿ ಕಾಣುತ್ತವೆ, ಹಾಗಾದರೆ ತಕ್ಷಣ ತಿಳಿಸಿ ಎಂದರು ಡಾಕ್ಟರು. ತಂಗಿಯನ್ನು ಜಗುಲಿಯ ಚಾಪೆಯಲ್ಲಿ ಮಲಗಿಸಿದರು. ಬಹಳ ಹೊತ್ತು ಅವಳು ಒಂದು ಕೈ ಎದೆಯ ಮೇಲಿಟ್ಟುಕೊಂಡು ತೋಟವನ್ನೇ ನೋಡುತ್ತಿದ್ದಳು.

“ಅಣ್ಣ, ಆ ಬಿಳಿ ಹೂವಿಗೂ ಹಳದಿ ಅಂಚಿದೆಯಾ?”

ಗಂಡ ತಿರುಗಿ ನೋಡಿದರು. ಇರಲಿಲ್ಲ.