ಅರವತ್ತೆರಡು ಬಾಗಿಲುಗಳಿಗೆ ನಂಬರು

ಎಪ್ಪತ್ತೆಂಟನೇ ಇಸವಿಯಲ್ಲಿ ರೇಷನ್ ಇನ್‌ಸ್ಪೆಕ್ಟರ್ ಸರ್ವಮಂಗಳಾ ಮದರಾಸಿನ ಅಂಚಿನ ಎಣ್ಣೂರಿನ ಮೀನುಗಾರರ ಕೇರಿಗೆ ಹೋದದ್ದು, ನಿಜ ಹೇಳಬೇಕೆಂದರೆ, ಅರ್ಜಿಗಳನ್ನು ತಳ್ಳಿಹಾಕುವುದಕ್ಕೇ. ಮನೆ ನಂಬರಿಲ್ಲದವರಿಗೆ ಕಾರ್ಡು ಕೊಡಕೂಡದೆಂದು ಸುತ್ತೋಲೆಯಿತ್ತು. ಅಲ್ಲಿದ್ದ ಅರವತ್ತೆರಡು ಗುಡಿಸಲುಗಳಲ್ಲಿ ಒಂದಕ್ಕೂ ನಂಬರಿರಲಿಲ್ಲ.

ಮೀನು ಮಾರುವ ಜಯಲಕ್ಷ್ಮೀ ಅವಳನ್ನು ಒಳಗೆ ಕರೆದು ಮಣೆ ಹಾಕಿದಳು. ಸಮುದ್ರಕ್ಕೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಅರ್ಜಿ ಮೂರು ಸಲ ವಾಪಸಾಗಿತ್ತು. ಆದರೂ ಅವಳು ಅಂಗಲಾಚಲಿಲ್ಲ.

“ಮದುವೆಯಾದಾಗಿಂದ ಇಲ್ಲೇ ಇದೀನಮ್ಮಾ. ಇದು ಮನೆ ಅಲ್ವಾ?” ಎಂದು ತಮಿಳಿನಲ್ಲಿ ಕೇಳಿದಳು, ಅಷ್ಟೆ.

ಟಿ. ನಗರದ ಮನೆಗೆ ಮರಳುವಾಗ ಬಸ್ಸಿನಲ್ಲಿ ಸರ್ವಮಂಗಳಾ ಸುತ್ತೋಲೆಯನ್ನು ಮತ್ತೆ ಓದಿದಳು. ನಂಬರು ಇರಬೇಕೆಂದಿತ್ತು, ಯಾರು ಹಾಕಬೇಕೆಂದು ಎಲ್ಲೂ ಇರಲಿಲ್ಲ. ಮರುದಿನ ಮತ್ತೆ ಕೇರಿಗೆ ಹೋಗಿ, ದೋಣಿಗೆ ಬಳಿಯುವ ಡಾಂಬರನ್ನೇ ಕೇಳಿ ಪಡೆದು, ಸಂಜೆಯೊಳಗೆ ಅಷ್ಟೂ ಬಾಗಿಲುಗಳಿಗೆ ನಂಬರು ಬರೆದಳು. ಕಾರ್ಡುಗಳು ಮಂಜೂರಾದವು.

ಸುದ್ದಿ ತಿಳಿದ ಸಹೋದ್ಯೋಗಿ ಶಂಕರನಾರಾಯಣ, ಮಂಗಳೂರು ಕಡೆಯವನು, ಮೆಲ್ಲಗೆ ಗದರಿದ. “ನಿಮಗೆ ಇದೆಲ್ಲ ಯಾಕೆ ಬೇಕಿತ್ತು ಮಾರಾಯ್ರೆ? ಸಸ್ಪೆಂಡ್ ಮಾಡಿದ್ರೆ?”

ತಿಂಗಳೊಳಗೆ ಮೇಲಧಿಕಾರಿ ಬದರಿನಾಥ ತನಿಖೆಗೆ ಬಂದರು. ಮೈಸೂರಿನವರು, ಮಾತು ಕಡಿಮೆ. ಪಟ್ಟಿ ಹಿಡಿದು ಒಂದೊಂದೇ ಗುಡಿಸಲನ್ನು ಹೊಕ್ಕು ತಲೆ ಎಣಿಸಿದರು. ಸರ್ವಮಂಗಳಾ ಹಿಂದೆಯೇ ನಡೆದಳು.

“ಈ ನಂಬರು ಯಾರು ಹಾಕಿದ್ದು?”

“ನಾನೇ ಸರ್. ಫಾರಮ್ಮಿನಲ್ಲಿ ಸುಳ್ಳು ಬರೆಯೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಮೊದಲು ಬಾಗಿಲ ಮೇಲೆ ಬರೆದೆ.”

ಅವರು ಪಟ್ಟಿ ಮಡಚಿ ಅವಳನ್ನೂ ಜೀಪಿಗೆ ಹತ್ತಿಸಿಕೊಂಡರು. ಆಫೀಸಿನ ಹತ್ತಿರ ಬಂದಾಗ ತಿರುಗಿ, ಇಷ್ಟು ಮನೆಗೆ ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದರು. ಒಂದು ದಿನವೆಂದಳು.

ಮುಂದಿನ ವಾರ ಹೊಸ ಸುತ್ತೋಲೆ ಬಂತು. ನಂಬರಿಲ್ಲದ ಕೇರಿಗಳಲ್ಲಿ ಇನ್‌ಸ್ಪೆಕ್ಟರರೇ ನಂಬರು ಹಾಕಿ, ಆಮೇಲೆ ಅರ್ಜಿ ಪಡೆಯತಕ್ಕದ್ದು. ಅದರಲ್ಲಿ ಅವಳ ಹೆಸರಿರಲಿಲ್ಲ; ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸಿತು. ನಿಂತೇ ಓದಿದವಳು ಕುರ್ಚಿಯಲ್ಲಿ ಕುಸಿದು ಕೂತಳು. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿಟ್ಟಂತಾಗಿತ್ತು. ಶಂಕರನಾರಾಯಣ ಕ್ಯಾಂಟೀನಿನಿಂದ ಕಾಫಿ ತರಿಸಿದ. ಕುಡಿಯುತ್ತಾ ಇಬ್ಬರಿಗೂ ಯಾಕೋ ನಗು ತಡೆಯಲಾಗಲಿಲ್ಲ.